ಆಯಿ ಹಾಸಿದ ಕಂಬಳಿ

ಆಗೆಲ್ಲ ನಮ್ಮ ಓಣಿಯಲ್ಲಿ ಒಂದು ಕರಿ ಕಂಬಳಿಗೆ ಇದ್ದ ಮರ್ಯಾದೆ ಹುಮನಾಬಾದಿನ ಯಾವ ಸಾಹೇಬನಿಗೂ ಇರಲಿಲ್ಲ. ಸಾಹೇಬರ ಜೀಪು ಬಂದರೆ ನಮ್ಮ ಮಂದಿ ಎದ್ದು ನಿಲ್ಲುತ್ತಿದ್ದರು, ಅಷ್ಟೇ. ಕಂಬಳಿ ಹಾಸಿದ್ದು ಕಂಡರೆ ಚಪ್ಪಲಿ ಬಿಡುತ್ತಿದ್ದರು, ಬಾಯಲ್ಲಿದ್ದ ತಂಬಾಕು ಉಗುಳುತ್ತಿದ್ದರು, ತಲೆಯ ಪಟಕ ಸರಿಮಾಡಿಕೊಂಡು ಬಂದು ಕೂಡುತ್ತಿದ್ದರು. ಕುರಿ ಕಾಯುವ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ.

ಘಾಟಬೋರಾಳದ ಕಡೆ ಹೋಗುವ ಕೆಂಪು ಬಸ್ಸಿನಿಂದ ಕ್ರಾಸಿನಲ್ಲಿ ಇಳಿದು, ತೊಗರಿ ಹೊಲಗಳ ನಡುವಿನ ಬಂಡಿ ದಾರಿ ಹಿಡಿದರೆ ನಮ್ಮ ಊರು. ಊರಿನ ಕೊನೆಗೆ ನಮ್ಮ ಓಣಿ. ಓಣಿಯ ಹಿರಿಯರ ಪಂಚಾಯ್ತಿಗೆ ನಾವು ದೈವ ಎನ್ನುತ್ತಿದ್ದೆವು. ಹೆಸರು ದೈವ ಎಂದಿದ್ದರೂ ಕೂಡುತ್ತಿದ್ದವರು ಬೀಡಿ ಸೇದುವ, ಮೊಣಕಾಲು ನೋವಿನ, ಹೆಂಡಂದಿರ ಕೈಲಿ ಬೈಸಿಕೊಳ್ಳುವ ಮನುಷ್ಯರೇ. ಆದರೆ ಬೀರಪ್ಪನ ಗುಡಿಯ ಮುಂದೆ, ಬೇವಿನ ಗಿಡದ ಕೆಳಗೆ, ಆ ಕಂಬಳಿಯ ಮೇಲೆ ಕೂತರೆಂದರೆ ಅವರು ಬೇರೆಯೇ ಆಗುತ್ತಿದ್ದರು. ಹಿಂಡು ಪಾಲಾಗುವುದು, ಹೆಣ್ಣು ಕೊಟ್ಟು ತರುವುದು, ಗೊಬ್ಬರಕ್ಕೆಂದು ಯಾರ ಹೊಲದಲ್ಲಿ ಯಾರ ಕುರಿ ರಾತ್ರಿ ತರುಬಬೇಕೆನ್ನುವುದು, ಎಲ್ಲವೂ ಅಲ್ಲೇ ಫೈಸಲಾ. ಫೈಸಲಾ ಮೀರಿದ ಮನೆಗೆ ಬೆಂಕಿ ಬಂದ್, ನೀರು ಬಂದ್. ಒಲೆ ಹೊತ್ತಿಸಲು ಕೆಂಡ ಕೊಡುವವರಿಲ್ಲ, ಕೊಡಕ್ಕೆ ಕೈ ಹಚ್ಚುವವರಿಲ್ಲ, ಬೇಸಿಗೆಯಲ್ಲಿ ದೂರ ಮೇಯಿಸಲು ಹೊರಟಾಗ ಹಿಂಡಿನ ಜೊತೆ ಬರುವವರಿಲ್ಲ. ತೋಳ ತಿರುಗುವ ಬಯಲಿನಲ್ಲಿ ಒಂಟಿ ಹಿಂಡೆಂದರೆ ಏನೆಂದು ನಮ್ಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಕಂಬಳಿ ಇರುತ್ತಿದ್ದದ್ದು ನಮ್ಮ ಮನೆಯಲ್ಲಿ. ನಮ್ಮ ಮನೆಯ ಹಿರಿ ಸೊಸೆ ಅದನ್ನು ಹಾಸಬೇಕು, ನಡುವೆ ಎಲೆ ಅಡಿಕೆ ಇಟ್ಟು ಚಿಟಿಕೆ ಅರಿಶಿನದ ಭಂಡಾರ ಹಾಕಬೇಕು, ಆಮೇಲೆ ಗಿಡದ ಆಚೆ ಬದಿಗೆ ಹೋಗಿ ನಿಲ್ಲಬೇಕು. ಆ ಕೆಲಸ ನಮ್ಮ ಆಯಿಯದು, ಅಂದರೆ ಅಪ್ಪನ ತಾಯಿಯದು. ಹಾಸುವ ಹಕ್ಕು ಇತ್ತು, ಕೂಡುವ ಹಕ್ಕು ಇರಲಿಲ್ಲ. ಕೇಳದೆ ಮಾತಾಡುವ ಹಾಗೆಯೂ ಇರಲಿಲ್ಲ. ಕೂತವರಿಗೂ ಒಂದು ಕಟ್ಟು ಇತ್ತು: ಎದುರಿಗೆ ಬಂದ ಮಾತು ಮುಗಿಯುವ ತನಕ ಯಾರೂ ಕಂಬಳಿ ಬಿಟ್ಟು ಏಳುವಂತಿಲ್ಲ. ಎದ್ದರೆ ಬೀರಪ್ಪನಿಗೆ ಬೆನ್ನು ತಿರುಗಿಸಿದಂತೆ.

ನಾವು ಹುಡುಗಿಯರು ಇದನ್ನೇ ಆಟ ಮಾಡಿಕೊಂಡಿದ್ದೆವು. ಗಜ್ಜುಗ ಆಡಿ ಬೇಸರವಾದರೆ ಹಳೆಯ ಗೋಣಿಚೀಲ ಹಾಸಿ ದೈವ ಕೂಡುತ್ತಿದ್ದೆವು. ನಮ್ಮಕ್ಕ ಶಾಂತಾ ಯಾವಾಗಲೂ ನಡುವೆ. ನಾನು ಯಾವಾಗಲೂ ಮೇಕೆ ಕದ್ದ ಕಳ್ಳಿ. ಅವಳು ಕೆಮ್ಮಿ, ಮೀಸೆ ತಿರುವಿದಂತೆ ಮಾಡಿ ನನಗೆ ದಂಡ ಹಾಕುತ್ತಿದ್ದಳು. ದಂಡವೆಂದರೆ ನನ್ನ ಪಾಲಿನ ಶೇಂಗಾ. ಅಂಥ ಅನ್ಯಾಯದ ದೈವವನ್ನು ನಾನು ಮುಂದೆಂದೂ ಕಾಣಲಿಲ್ಲ.

ಆಯಿ ಮೆತ್ತಗಿನ ಹೆಂಗಸಲ್ಲ. ಕಥೆಗಳಲ್ಲಿ ಬರುವ, ಮೊಮ್ಮಕ್ಕಳ ತಲೆ ಸವರುವ ಅಜ್ಜಿಯರನ್ನು ಓದಿದಾಗ ನನಗೆ ಇವತ್ತಿಗೂ ನಂಬಿಕೆ ಬರುವುದಿಲ್ಲ. ನಮ್ಮ ಆಯಿ ತಲೆ ಮುಟ್ಟಿದರೆ ಹೇನು ತೆಗೆಯಲು, ಇಲ್ಲವೇ ಮೊಟಕಲು. ದೈವವೆಂದರೆ ಮಾತ್ರ ಅವಳಿಗೆ ಪ್ರಾಣ. ಕಂಬಳಿಗೆ ವರ್ಷಕ್ಕೊಮ್ಮೆ ಹುಣಸೆ ಬೀಜದ ಗಂಜಿ ತಾನೇ ಕುದಿಸಿ ಹಚ್ಚುತ್ತಿದ್ದಳು. ನುಸಿ ಹಿಡಿಯಬಾರದೆಂದು ಬೇವಿನ ಎಲೆ ಹಾಕಿ ಸಂದೂಕದಲ್ಲಿ ಇಡುತ್ತಿದ್ದಳು. ಸಂದೂಕ ತೆರೆದರೆ ಕುರಿಯ ಉಣ್ಣೆ, ಸುಟ್ಟ ಹುಣಸೆ ಬೀಜ, ಒಣಬೇವು, ಭಂಡಾರ ಎಲ್ಲ ಸೇರಿದ ಒಂದು ವಾಸನೆ ಬರುತ್ತಿತ್ತು. ಆ ವಾಸನೆ ಬಂತೆಂದರೆ ಓಣಿಯಲ್ಲಿ ಯಾರದೋ ಹಣೆಬರಹ ಬದಲಾಗುತ್ತದೆಂದು ನಮಗೆ ಗೊತ್ತಾಗುತ್ತಿತ್ತು.

ಅವಳ ಹಣೆಬರಹವೂ ಅದರ ಮೇಲೇ ಬದಲಾಗಿತ್ತು. ಅಜ್ಜ ಸತ್ತಾಗ ಅಪ್ಪ ಇನ್ನೂ ಅಂಬೆಗಾಲಿನ ಕೂಸು, ಮಲ್ಲವ್ವ ಅತ್ತೆ ಹೊಟ್ಟೆಯಲ್ಲಿ. ಅಜ್ಜನ ತಮ್ಮಂದಿರು ಆಯಿಯನ್ನು ತವರಿಗೆ ಹೋಗೆಂದು ಹೊರಗೆ ನಿಲ್ಲಿಸಿದರು. ಆಗ ದೈವ ಕೂತು, ಹಿಂಡಿನಲ್ಲಿ ಪಾಲು, ಮನೆಯಲ್ಲಿ ಪಾಲು, ಕಂಬಳಿಯ ಹಕ್ಕು ಎಲ್ಲ ಅವಳಿಗೇ ಎಂದು ಹೇಳಿತು. ಕೋರ್ಟಿಗೆ ಹೋಗಿದ್ದರೆ ಕೂಸುಗಳು ಮುದುಕರಾಗುತ್ತಿದ್ದವು. ದೈವ ಸಂಜೆಯೊಳಗೆ ಮುಗಿಸಿತು.

ಅದೇ ದೈವ ಮುಂದೆ ಮಲ್ಲವ್ವ ಅತ್ತೆಯನ್ನು, ಅವಳಿನ್ನೂ ನಮ್ಮ ಹಾಗೆ ಗಜ್ಜುಗ ಆಡುತ್ತಿದ್ದಾಗ, ಪಕ್ಕದ ಊರಿನ ಜಗಳ ಬಗೆಹರಿಯಲೆಂದು ಅಲ್ಲಿಯ ಎರಡನೇ ಸಂಬಂಧದವನೊಬ್ಬನಿಗೆ ಕೊಟ್ಟಿತು. ಜಗಳ ಹರಿಯಿತು. ಅತ್ತೆ ಮೊದಲ ಹೆರಿಗೆಯಲ್ಲಿ ತೀರಿಹೋದಳು. ಅವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವಳ ಗಜ್ಜುಗಗಳು ಮಾತ್ರ ಒಂದು ಚಿಂದಿಯಲ್ಲಿ ಕಟ್ಟಿ ಅದೇ ಸಂದೂಕದ ಮೂಲೆಯಲ್ಲಿದ್ದವು. ನಾವು ಕೇಳಿದರೆ ಆಯಿ ಕೊಡುತ್ತಿರಲಿಲ್ಲ.

ನಾನು ಹೇಳಬೇಕೆಂದಿರುವುದು ಅಕ್ಕ ಏಳನೇ ಇಯತ್ತೆ ಮುಗಿಸಿದ ವರ್ಷದ ಮಾತು. ಹೈಸ್ಕೂಲಿಗೆ ಹುಮನಾಬಾದಿಗೆ ಹೋಗಬೇಕು. ಹಿಂದಿನ ವರ್ಷ ಓಣಿಯ ಒಬ್ಬ ಹುಡುಗಿ ಬಸ್ಸು ಹತ್ತಿ ಹೋದವಳು ತನಗೆ ಬೇಕಾದವನನ್ನು ಮದುವೆಯಾಗಿ ಅಲ್ಲೇ ಉಳಿದಿದ್ದಳು. ದೈವ ಕೂತು, ಇನ್ನು ಮುಂದೆ ನಮ್ಮ ಹೆಣ್ಣುಮಕ್ಕಳಿಗೆ ಊರ ಸಾಲಿ ಸಾಕು, ಬಸ್ಸಿನ ಸಾಲಿ ಬೇಡ ಎಂದು ಹೇಳಿಬಿಟ್ಟಿತ್ತು. ಅವತ್ತು ಕಂಬಳಿ ಹಾಸಿದವಳೂ ಆಯಿಯೇ.

ಅಕ್ಕ ಮಾತ್ರ ಓದದೆ ಇರಲಾರದ ಹುಡುಗಿ. ಖಾರ ಕಟ್ಟಿ ತಂದ ಪೇಪರನ್ನೂ ಬಿಡಿಸಿ, ಖಾರ ಕಣ್ಣಿಗೆ ಹೋದರೂ ಒರೆಸಿಕೊಂಡು ಓದುವವಳು. ಅವಳ ಮಾಸ್ತರರು ಬಸವಕಲ್ಯಾಣದವರು, ಒಳ್ಳೆಯವರು. ಅವರೇ ದೈವದ ಹಿರಿಯ ಮಾಳಪ್ಪ ಮುತ್ಯಾನ ಕಟ್ಟೆಗೆ ಬಂದು, ಹುಡುಗಿಯನ್ನು ಕಳಿಸಿರೆಂದು ತುಂಬ ಹೊತ್ತು ಹೇಳಿದರು. ಮುತ್ಯಾ ಎಲ್ಲ ಕೇಳಿಸಿಕೊಂಡ.

"ನಿಮ್ಮ ಮಾತ ಚಂದ ಅದಾವ್ರಿ ಮಾಸ್ತರ್ ಸಾಹೇಬ್ರ," ಎಂದ. "ಬಿಸಲಾಗ ಬಂದೀರಿ. ಮಜ್ಜಿಗಿ ಕುಡೀರಿ."

ಮಾಸ್ತರರು ಮಜ್ಜಿಗೆ ಕುಡಿದು ಹೋದರು.

ಅಪ್ಪ ಬೇಸಿಗೆಯ ತಿರುಗಾಟ ಮುಗಿಸಿ ಹಿಂಡು ಹೊಡೆದುಕೊಂಡು ಬಂದಿದ್ದ. ಮಿರಗದ ಮಳೆ ಇವತ್ತೋ ನಾಳೆಯೋ ಎನ್ನುವ ದಿನಗಳು. ಉಣ್ಣೆ ಕತ್ತರಿಸಿದ ಕುರಿಗಳು ಅಂಗಿ ಕಳೆದ ಹುಡುಗರಂತೆ ನಾಚಿಕೊಂಡು ನಿಂತಿದ್ದವು. ಮನೆಯ ಮೂಲೆಮೂಲೆಯಲ್ಲಿ ಉಣ್ಣೆ, ರೊಟ್ಟಿಯಲ್ಲೂ ಉಣ್ಣೆ. ಅವ್ವ ಪುಂಡಿಪಲ್ಯ, ಬಿಸಿ ರೊಟ್ಟಿ ಬಡಿಸಿದಳು. ಉಣ್ಣುವಾಗ ಅಕ್ಕ ಅಪ್ಪನನ್ನು ಕೇಳಿದಳು. ಇನ್ನು ಸ್ವಲ್ಪ ದಿನಕ್ಕೆ ಸಾಲಿ ಶುರು, ಹೆಸರು ಹಚ್ಚಲು ಹೋಗೋಣವೇ ಎಂದು.

ಅಪ್ಪ ತುತ್ತು ಹಿಡಿದುಕೊಂಡೇ ಕೂತ. "ನನಗ ಕಳಸಬೇಕಂತ ಇಲ್ಲೇನವ್ವಾ? ದೈವ ಬ್ಯಾಡ ಅಂದದ. ನಾ ಒಬ್ಬ ಮೀರಿ ನಡದ್ರ ಬರೂ ಬ್ಯಾಸಗಿಗಿ ನನ್ನ ಹಿಂಡಿನ ಸಂಗಡ ಯಾರ ಬರ್ತಾರ? ನಿನಗ ನಾಳಿ ಯಾರ ಮನಿ ತುಂಬಿಸ್ಕೋತಾರ?"

ಅಕ್ಕ ಅಳಲಿಲ್ಲ. ತಟ್ಟೆ ತೊಳೆದಿಟ್ಟು ಹಿತ್ತಲಿಗೆ ಹೋದಳು. ಅವ್ವ ಒಲೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ನಾನು ಅಕ್ಕನ ಹಿಂದೆ ಓಡಿದೆ. ಅವಳು ಹಿತ್ತಲಲ್ಲಿ ತನ್ನ ಏಳನೇ ಇಯತ್ತೆಯ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ ಹಗ್ಗ ಕಟ್ಟುತ್ತಿದ್ದಳು. "ಇವು ನಿನಗ," ಎಂದಳು. ನನಗೆ ಆ ಪುಸ್ತಕಗಳ ಮೇಲೆ ಅವತ್ತಿನಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ.

ಒಳಗೆ ಆಯಿ ಅಪ್ಪನಿಗೆ ಹೇಳುವುದು ಕೇಳಿಸಿತು. "ದೈವ ಕಟ್ಟಿದ್ದ ದೈವನೇ ಬಿಚ್ಚಬೇಕು. ನಿನ್ನ ಕೈಲಿ ಆಗೂದಲ್ಲ, ಆ ಮಾಸ್ತರನ ಕೈಲೂ ಆಗೂದಲ್ಲ. ಸುಮ್ಮ ಉಣ್ಣು."

ಮರುದಿನ ಬೆಳಿಗ್ಗೆ ಆ ವಾಸನೆಗೆ ನನಗೆ ಎಚ್ಚರವಾಯಿತು. ಸಂದೂಕ ತೆರೆದಿತ್ತು. ಓಡಿಹೋಗಿ ನೋಡಿದರೆ ಆಯಿ ಬೇವಿನ ಗಿಡದ ಕೆಳಗೆ ನೆಲ ಗುಡಿಸಿ, ನೀರು ಚಿಮುಕಿಸಿ, ಕಂಬಳಿ ಹಾಸುತ್ತಿದ್ದಳು. ಅಂಚು ಎಳೆದು ಸುಕ್ಕು ತೆಗೆದಳು. ಎಲೆ ಅಡಿಕೆ ಇಟ್ಟಳು, ಭಂಡಾರ ಹಾಕಿದಳು. ಆಮೇಲೆ ಎಂದಿನಂತೆ ಗಿಡದ ಆಚೆ ಹೋಗಿ ಸೆರಗು ಹೊದ್ದು ನಿಂತಳು. ಯಾರೂ ಅವಳಿಗೆ ಹಾಸೆಂದು ಹೇಳಿರಲಿಲ್ಲ.

ಮೊದಲು ಬಂದವನು ಮಾಳಪ್ಪ ಮುತ್ಯಾ. ಹಟ್ಟಿಗೆ ಹೋಗಿ ಕುರಿ ಬಿಡಲೆಂದು ಹೊರಟವನು ಕಂಬಳಿ ಕಂಡು ನಿಂತ. ಚಪ್ಪಲಿ ಬಿಟ್ಟ, ಕೂತ. ಯಾರದೋ ಮನೆಯಲ್ಲಿ ಏನೋ ಆಗಿದೆ, ಯಾರೋ ಕರೆದಿದ್ದಾರೆ ಎಂದುಕೊಂಡಿರಬೇಕು. ಅವನು ಕೂತದ್ದು ನೋಡಿ ಮುಂದಿನವರು ಕೂತರು. ಒಬ್ಬರನ್ನೊಬ್ಬರು "ಯಾಕ, ಏನಾಗ್ಯದ?" ಎಂದು ಕೇಳುತ್ತ, ಒಬ್ಬರಿಗೂ ಗೊತ್ತಿಲ್ಲದೆ, ಎಲ್ಲರೂ ಕೂತುಬಿಟ್ಟರು. ಕೊನೆಗೆ ಭೀಮಣ್ಣ ಕಾಕಾ ಬಂದು ತುದಿಯಲ್ಲಿ ತನ್ನ ಜಾಗ ಹಿಡಿದ. ಬಸ್ಸಿನ ಸಾಲಿ ಬೇಡವೆಂದು ಎಲ್ಲರಿಗಿಂತ ಜೋರಾಗಿ ಹೇಳಿದವನು ಅವನೇ. ಇಂಥ ತಪ್ಪು ಆಗುವುದು ನಮ್ಮ ಓಣಿಯಲ್ಲಿ ಮಾತ್ರ ಸಾಧ್ಯ. ಹಾಸಿದ ಕಂಬಳಿಯನ್ನು ಪ್ರಶ್ನೆ ಕೇಳಿ ಗೊತ್ತಿದ್ದವರೇ ಅಲ್ಲ ನಮ್ಮ ಮಂದಿ.

"ಏನ್ ಮಾತದ? ಕರದೋರ್ ಯಾರು? ಮುಂದ ಬರ್ರಿ," ಎಂದ ಮುತ್ಯಾ.

ಆಯಿ ಗಿಡದ ಈಚೆ ಬಂದಳು. "ನಾ ಕರದೀನಿ."

ಭೀಮಣ್ಣ ಕಾಕಾ, "ಹೆಂಗಸ್ರು ದೈವ ಕರಿಯೋ ರಿವಾಜ್ ಎಲ್ಲದ?" ಎಂದ.

"ಕರೀಬಾರ್ದು ಅಂತ ಯಾವಾಗ ಹೇಳೀರಿ ಭೀಮಣ್ಣ? ನೀವು ಹಾಸು ಅಂದಾಗೆಲ್ಲ ಹಾಸೀನಿ. ಇವತ್ತ ನನಗ ಬೇಕಾಗಿತ್ತು, ಹಾಸೀನಿ. ನೀವು ಬಂದು ಕುಂತೀರಿ."

ಭೀಮಣ್ಣ ಕಾಕಾ ನೆಲಕ್ಕೆ ಕೈಯೂರಿ ಏಳಲು ನೋಡಿದ. ಮುತ್ಯಾ ಅವನ ಭುಜದ ಮೇಲೆ ಕೈ ಇಟ್ಟ. "ಕೂಡೋ."

"ಇದು ಮೋಸ ಮಾಳಪ್ಪ ಕಾಕಾ."

"ಮೋಸ ಆದ್ರೂ ಕುಂತೀವಿ. ಮಾತ ಮುಗೀಲಾರದ ಕಂಬಳಿ ಬಿಟ್ಟು ಏಳಂಗಿಲ್ಲ. ನಾವೇ ಇದನ್ನ ಮುರದ್ರ ನಾಳಿ ನಮ್ಮ ಮಾತ ಯಾರ ಕೇಳ್ತಾರ?"

ಮಾಳಪ್ಪ ಮುತ್ಯಾನ ಮೇಲೆ ನನಗೆ ಎಷ್ಟೋ ಸಿಟ್ಟಿತ್ತು. ಆ ಒಂದು ಮಾತಿಗೆ ಅವನನ್ನು ಇವತ್ತಿಗೂ ಕೈಮುಗಿದು ನೆನೆಯುತ್ತೇನೆ. ತನಗೆ ಬೇಡವಾದ ಮಾತು ಬರುತ್ತದೆಂದು ಅವನಿಗೆ ಆಗಲೇ ತಿಳಿದಿತ್ತು. ಆದರೂ ಕೂತ.

"ಹೇಳ್ರಿ ವೈನಿ," ಎಂದ, ಆಯಿಗೆ ಅತ್ತಿಗೆಯ ಮರ್ಯಾದೆ ಕೊಟ್ಟು.

ಆಯಿ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು.

"ನಮ್ಮ ಮಾಲಕ ತೀರ್ಕೊಂಡಾಗ ಇದೇ ಕಂಬಳಿ ಮ್ಯಾಲ ಕುಂತು ನಿಮ್ಮಪ್ಪ ನನಗ ಪಾಲ ಕೊಡ್ಸಿದ. ಆ ಅನ್ನ ಇನ್ನೂ ಉಣ್ಣಾಕತ್ತೀನಿ. ಮರ್ತಿಲ್ಲ. ಮುಂದ ಇದೇ ಕಂಬಳಿ ಮ್ಯಾಲ ನೀವು ನನ್ನ ಮಲ್ಲವ್ವಗ ಆ ಊರಿಗಿ ಕೊಟ್ರಿ. ಹಾಸು ಅಂದ್ರಿ, ನಾನೇ ಹಾಸಿದೆ. ಆಕಿಗಿ ಯಾರೂ ಒಂದ್ ಮಾತ ಕೇಳ್ಲಿಲ್ಲ. ಆಕಿ ಈ ಗಿಡದ ಹಿಂದ ನನ್ನ ಸೆರಗ ಹಿಡ್ದು ನಿಂತಿದ್ಲು." ಆಯಿ ಗಿಡದ ಹಿಂದೆ ಬಂದು ನಿಂತಿದ್ದ ಅಕ್ಕನ ಕಡೆ ಕೈ ತೋರಿಸಿದಳು. "ಇವತ್ತ ಶಾಂತವ್ವ ನಿಂತಾಳ. ಆಕಿಗಿ ಕೇಳ್ರಿ. ಕೇಳಿದ ಮ್ಯಾಲ ಬ್ಯಾಡ ಅಂದ್ರೂ ನಡೀತದ, ನಾ ಕಂಬಳಿ ಮಡಚಿ ಒಯ್ತೀನಿ. ಕೇಳಲಾರದ ಮಾತ್ರ ಹೇಳಬ್ಯಾಡ್ರಿ."

ಮಲ್ಲವ್ವ ಅತ್ತೆಯನ್ನು ಕೊಟ್ಟ ದಿನ ಮಾತು ಮುಗಿಸಿದವನು ಮಾಳಪ್ಪ ಮುತ್ಯಾನೇ. ಅವನು ಎಲೆ ಅಡಿಕೆಯನ್ನೇ ನೋಡುತ್ತ ಕೂತ. ಬಿಸಿಲು ಏರುತ್ತಿತ್ತು. ಹಟ್ಟಿಗಳಲ್ಲಿ ಬಿಡದೆ ಉಳಿದ ಕುರಿಗಳು ಒಂದರ ಹಿಂದೊಂದು ಒದರಲು ಶುರುಮಾಡಿದವು. ಮೊದಲು ಮುತ್ಯಾನ ಹಿಂಡು, ಆಮೇಲೆ ಭೀಮಣ್ಣನದು, ಆಮೇಲೆ ನಮ್ಮದು. ಸ್ವಲ್ಪ ಹೊತ್ತಿಗೆ ಇಡೀ ಓಣಿ ಬ್ಯಾ ಎನ್ನತೊಡಗಿತು. ಹಸಿದ ಕುರಿಯ ದನಿ ಕೇಳಿ ಸುಮ್ಮನೆ ಕೂಡುವುದು ಕುರುಬನಿಗೆ ಎಂಥ ಶಿಕ್ಷೆಯೆಂದು ನಮ್ಮ ಮನೆಗಳವರಿಗೇ ಗೊತ್ತು. ಯಾರೂ ಏಳಲಿಲ್ಲ.

"ಶಾಂತವ್ವಾ, ಇಲ್ಲಿ ಬಾ," ಎಂದ ಮುತ್ಯಾ. ಅಕ್ಕ ಹೋಗಿ ಕಂಬಳಿಯ ಅಂಚಿಗೆ ನಿಂತಳು. "ಬಸ್ಸಿನ ಸಾಲಿಗಿ ಹೋಗಿ ಏನ್ ಮಾಡ್ತಿ?"

ಡಾಕ್ಟರ್ ಆಗುತ್ತೇನೆ, ಟೀಚರ್ ಆಗುತ್ತೇನೆ ಎಂದು ಅವಳು ಹೇಳಲೆಂದು ನಾನು ಬೀರಪ್ಪನಿಗೆ ಹರಕೆ ಹೊರುತ್ತಿದ್ದೆ.

"ಈಗ್ಲೇ ಹ್ಯಾಂಗ ಹೇಳ್ಲಿ ಮುತ್ಯಾ," ಎಂದಳು ಅಕ್ಕ. "ಹೋದ ಮ್ಯಾಲ ಗೊತ್ತಾಗ್ತದ."

ಯಾರೋ ನಕ್ಕರು. ಮುತ್ಯಾ ನಗಲಿಲ್ಲ. "ಅಂಜಿಕಿ ಇಲ್ಲೇನು?"

"ಅಂಜಿಕಿ ಅದ ರಿ. ಬಸ್ಸಿಂದಲ್ಲ. ಮಂದಿ ಏನಂತಾರ ಅಂತ."

"ಮಂದಿ ಅಂದ್ರ ಯಾರು?"

ಅಕ್ಕ ತಲೆಯೆತ್ತಿ ಕಂಬಳಿಯ ಮೇಲೆ ಕೂತವರನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಮುತ್ಯಾ ಅವಳ ಕಣ್ಣಿನ ಹಿಂದೆ ತಾನೂ ನೋಡಿದ. ಕುರಿಗಳು ಒದರುತ್ತಲೇ ಇದ್ದವು.

"ಖರೆ ಅದ," ಎಂದ ಮುತ್ಯಾ ಕೊನೆಗೆ. "ಮಂದಿ ಅಂದ್ರ ನಾವೇ." ಆಮೇಲೆ ಎಲ್ಲರಿಗೂ ಕೇಳುವಂತೆ ಫೈಸಲಾ ಹೇಳಿದ. "ಶಾಂತವ್ವ ಸಾಲಿಗಿ ಹೋಗ್ತಾಳ. ಓಣಿಯಾಗಿನ ಯಾವ ಹೆಣ್ಣುಮಗು ಹೊಂಟ್ರೂ ದೈವದಾಗಿನ ಒಬ್ಬ ಮುಂಜಾನಿ ಕ್ರಾಸ್ ತನಕ ಸಂಗಡ ಹೋಗ್ಬೇಕು, ಸಂಜಿಕಿ ಕರ್ಕೊಂಡ್ ಬರ್ಬೇಕು. ಆ ಹುಡಗ್ಯಾರ ಮ್ಯಾಲ ಯಾರರ ಬಾಯಿ ಹರಿಬಿಟ್ರ ಆ ಮನಿಗಿ ಬೆಂಕಿ ಬಂದ್, ನೀರ ಬಂದ್." ಅವನು ತುದಿಗೆ ತಿರುಗಿದ. "ಪೈಲಾ ಪಾಳಿ ಭೀಮಣ್ಣಂದು."

ಅಪ್ಪನನ್ನು ಹೆದರಿಸಿದ್ದ ಅದೇ ಬೆಂಕಿ, ಅದೇ ನೀರು. ಈಗ ಅಕ್ಕನ ಮುಂದೆ ಬೇಲಿಯಾಗಿ ನಿಂತವು. ಯಾವ ಮಾಸ್ತರರಿಂದಲೂ, ಯಾವ ಸಾಹೇಬನಿಂದಲೂ ಆಗದ ಕೆಲಸ. ಎಲ್ಲರೂ ಎದ್ದು ಹಟ್ಟಿಗಳ ಕಡೆ ಓಡಿದ ಮೇಲೆ ಆಯಿ ಕಂಬಳಿ ಜಾಡಿಸಿ ಮಡಚಿದಳು. ಮನೆಗೆ ಬಂದು ಸಂದೂಕದ ಮೂಲೆಯಿಂದ ಆ ಚಿಂದಿಯ ಗಂಟು ತೆಗೆದು ನನ್ನ ಕೈಗೆ ಕೊಟ್ಟಳು. "ಆಡ್ರಿ," ಎಂದಳು. ನಾವಿಬ್ಬರೂ ಅದನ್ನು ಬಿಚ್ಚದೆ ಬಹಳ ಹೊತ್ತು ಕೂತಿದ್ದೆವು.

ಭೀಮಣ್ಣ ಕಾಕಾ ಮೊದಲ ದಿನ ಮುಖ ಉಬ್ಬಿಸಿಕೊಂಡು, ಅಕ್ಕನಿಗಿಂತ ಒಂದು ಹೊಲದಷ್ಟು ಮುಂದೆ, ಕೋಲು ಬೀಸುತ್ತ ನಡೆದ. ಕ್ರಾಸಿನಲ್ಲಿ ಮಹಬೂಬ್ ಚಾಚಾನ ಚಹಾದ ಅಂಗಡಿ. ಚಾಚಾ ಬೆಂಚಿನ ಮೇಲಿದ್ದ ಗಿರಾಕಿಗಳನ್ನು ಎಬ್ಬಿಸಿ ಅಕ್ಕನನ್ನು ಕೂಡಿಸಿದನಂತೆ. ಬಸ್ಸು ತುಂಬಿದೆಯೆಂದು ಕಂಡಕ್ಟರ್ ಬಾಗಿಲು ಹಾಕಹೋದಾಗ ಭೀಮಣ್ಣ ಕಾಕಾ ಕೋಲು ಅಡ್ಡ ಹಿಡಿದು, "ದೈವದ ಫೈಸಲಾ ಅದ, ಹತ್ತಸ್ಕೋ," ಎಂದನಂತೆ. ಕಂಡಕ್ಟರನಿಗೆ ಯಾವ ದೈವವೋ ತಿಳಿಯದಿದ್ದರೂ ಕೋಲು ತಿಳಿಯಿತು. ಮಳೆಗಾಲ ಮುಗಿಯುವುದರೊಳಗೆ ಕಾಕಾ ಬೇರೆಯವರ ಪಾಳಿಯನ್ನೂ ತಾನೇ ಕೇಳಿ ಪಡೆಯುತ್ತಿದ್ದ. ಮರುವರ್ಷ ಅಕ್ಕನ ಜೊತೆ ಅವನ ಮಗಳೂ ಹೊರಟಳು. ಮುಂದೆ ನಾನೂ ಅದೇ ಕೋಲಿನ ಹಿಂದೆ ನಡೆದು ಓದಿದೆ.

ಹೋದ ಮೇಲೆ ಗೊತ್ತಾಗುತ್ತದೆ ಎಂದಿದ್ದಳಲ್ಲ, ಅಕ್ಕ ದನಕುರಿಗಳ ಡಾಕ್ಟರ್ ಆದಳು. ಈಗ ಬಸವಕಲ್ಯಾಣದಲ್ಲಿ ಮನೆ ಮಾಡಿದ್ದಾಳೆ. ನಾನು ಹುಮನಾಬಾದಿನಲ್ಲಿ ಟೀಚರ್. ಆಯಿ ಸಾಯುವ ಮುಂಚೆ ರಿವಾಜು ಮುರಿದು ಕಂಬಳಿಯನ್ನು ಸೊಸೆಗೆ ಕೊಡದೆ ಅಕ್ಕನಿಗೆ ಕೊಟ್ಟಳು. ಅಷ್ಟರಲ್ಲಿ ಅದನ್ನು ಹಾಸೆನ್ನುವವರೂ ಇರಲಿಲ್ಲ. ಮಾಳಪ್ಪ ಮುತ್ಯಾ ಹೋದ. ಬೇವಿನ ಗಿಡ ಕಡಿದು ಕಾಂಕ್ರೀಟ್ ಹಾಕಿದರು. ಪಾಲು, ಜಗಳ ಎಲ್ಲ ಠಾಣೆಗೆ, ಕೋರ್ಟಿಗೆ. ಅದು ಒಳ್ಳೆಯದೇ. ಮಲ್ಲವ್ವ ಅತ್ತೆಯಂಥ ಹುಡುಗಿಯನ್ನು ಇವತ್ತು ಯಾರೂ ಹಾಗೆ ಕೊಟ್ಟು ಕೈತೊಳೆದುಕೊಳ್ಳಲಾರರು. ಆದರೆ ಹೋದ ವರ್ಷ ನನ್ನ ಕ್ಲಾಸಿನ ಒಂದು ಹುಡುಗಿಯ ಬಗ್ಗೆ ಮೊಬೈಲಿನ ಗುಂಪಿನಲ್ಲಿ ಏನೇನೋ ಬರೆದರು. ಅವಳು ಶಾಲೆ ಬಿಟ್ಟಳು. ಕಂಪ್ಲೇಂಟ್ ಕೊಡೋಣವೆಂದರೆ ಅವಳ ತಂದೆ, "ಮಂದಿ ಏನಂತಾರ್ರಿ ಮೇಡಂ," ಎಂದ. ಮಂದಿ ಅಂದರೆ ಯಾರು ಎಂದು ಕೇಳಲು ನನ್ನೆದುರಿಗೆ ಯಾರೂ ಕೂತಿರಲಿಲ್ಲ.

ಈ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋದಾಗ ಇಬ್ಬರೂ ಸೇರಿ ಕಂಬಳಿಯನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದೆವು. ಭೀಮಣ್ಣ ಕಾಕಾ ತನ್ನ ಮೇಕೆಗೆ ಔಷಧ ಕೇಳಲು ಊರಿನಿಂದ ಬಸ್ಸು ಹತ್ತಿ ಬಂದ. ಬೆನ್ನು ಬಾಗಿದೆ, ಕಣ್ಣು ಮಬ್ಬು. ಗೇಟಿನೊಳಗೆ ಬಂದವನು ಕಂಬಳಿ ಕಂಡು ನಿಂತ. ಚಪ್ಪಲಿ ಬಿಟ್ಟ. ಹೋಗಿ ತುದಿಯಲ್ಲಿ, ತನ್ನ ಹಳೆಯ ಜಾಗದಲ್ಲೇ ಕೂತ.

"ಕರದೋರ್ ಯಾರು?" ಎಂದ.

ಅಕ್ಕ ನಕ್ಕಳು. "ಬಿಸಲಿಗಿ ಹಾಕೀವಿ ಕಾಕಾ. ಒಳಗ ಬರ್ರಿ, ಚಾ ಮಾಡ್ತೀನಿ."

"ಕುಂತೀನಲ್ಲವ್ವಾ. ಮಾತ ಮುಗೀಲಾರದ ಹ್ಯಾಂಗ ಏಳ್ಲಿ?" ಎಂದ ಕಾಕಾ. ಹಾಸ್ಯ ಮಾಡುತ್ತಿರಲಿಲ್ಲ. ಪಕ್ಕದ ಜಾಗ ಕೈಯಿಂದ ತಟ್ಟಿದ. "ಬರ್ರಿ, ಇಬ್ಬರೂ ಕೂಡ್ರಿ. ಬ್ಯಾರೆ ಯಾರ ಉಳದಾರ ಈಗ."

ನಾವು ಕೂತೆವು. ಅಷ್ಟು ವರ್ಷ ನಮ್ಮ ಮನೆಯಲ್ಲೇ ಇದ್ದ ಕಂಬಳಿಯ ಮೇಲೆ ಮೊದಲ ಸಲ ಕೂತೆವು. ಬಿಸಿಲಿಗೆ ಹುಣಸೆ ಬೀಜದ ವಾಸನೆ ಏಳುತ್ತಿತ್ತು. ಕಾಕಾ ಕಾಯುತ್ತಿದ್ದ.

"ಒಂದ್ ಮಾತ ಅದ ಕಾಕಾ," ಎಂದಳು ಅಕ್ಕ. ಅವಳ ಮುಖದಲ್ಲಿ ಈಗ ನಗು ಇರಲಿಲ್ಲ. "ನಮ್ಮ ಆಯಿ ಜನ್ಮಪೂರ್ತಿ ಈ ಕಂಬಳಿ ಹಾಸಿದ್ಲು. ಒಂದ್ ದಿನರ ಆಕಿಗಿ ಇದರ ಮ್ಯಾಲ ಕೂಡು ಅನ್ಲಿಲ್ಲ. ಅದು ಫೈಸಲಾ ಆಗಬೇಕು."

ಕಾಕಾ ತಲೆ ತಗ್ಗಿಸಿ ಕೂತ. ಕಂಬಳಿಯ ನಡುವೆ ಎಲೆ ಅಡಿಕೆ ಇರಬೇಕಾದ ಜಾಗವನ್ನು ಬೆರಳಿನಿಂದ ಸವರಿದ.

"ದೈವದ್ದ ತಪ್ಪ ಅದ," ಎಂದ.

ಆಮೇಲೆ ಆ ಖಾಲಿ ಜಾಗಕ್ಕೆ ಕೈಮುಗಿದು, ಅಕ್ಕನ ಕೈ ಹಿಡಿದು ಎದ್ದ.